ಸಿಂಹಳದ್ವೀಪದಲ್ಲಿ ನೋಡತಕ್ಕುದೇನು?

ಲಂಕೆಯೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರ ಮನಸ್ಸಿನಲ್ಲಿ ರಾವಣನ ಪಟ್ಟಣ, ಅಶೋಕವನ, ಆಂಜನೇಯನ ಸಮುದ್ರಲಂಘನ ಇವೇ ಮೊದಲು ಮೂಡುವುವು. ಅದು ಸಹಜವೇ ಸರಿ. ಆದರೆ ಧನುಷ್ಕೋಟಿಯ ತುದಿಯಿಂದಾಚೆ, ಸುಮಾರು ಇಪ್ಪತ್ತು ಮೈಲಿಗಳ ಕಿರುಗಡಲನ್ನು ದಾಟಿದರೆ, ಎರಡು ಸಹಸ್ರ ವರ್ಷಗಳಿಗೂ ಮೇಲ್ಪಟ್ಟ ಚರಿತ್ರೆಯನ್ನು ಕಲ್ಲಿನಲ್ಲಿಯೂ ನೀರಿನಲ್ಲಿಯೂ ಬರೆದಿಟ್ಟುಕೊಂಡಿರುವ ಇನ್ನೊಂದು ಲಂಕೆಯುಂಟು. ಹಿಂದೆ ಮದರಾಸಿನಿಂದ ಹೊರಟ ರೈಲು ಧನುಷ್ಕೋಟಿಯಲ್ಲಿ ಪ್ರಯಾಣಿಕರನ್ನು ಆಗಬೋಟಿಗೆ ಒಪ್ಪಿಸುತ್ತಿದ್ದಿತು. ೧೯೬೪ರ ಡಿಸೆಂಬರಿನ ಚಂಡಮಾರುತವು ಆ ಊರನ್ನೇ ಅಳಿಸಿಹಾಕಿದ ಮೇಲೆ ಆ ದಾರಿ ಮುಚ್ಚಿತು. ಈಗ ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆಯ ಪ್ರಯಾಣ. ರಜಾ ದೊರೆತ ಅಧಿಕಾರಿಗಳೂ, ಮಕ್ಕಳ ಪರೀಕ್ಷೆ ಮುಗಿಸಿದ ಗೃಹಸ್ಥರೂ ಅಲ್ಲಿಗೆ ಹೋಗಿಬರುವುದು ಈಚೆಗೆ ಅಪೂರ್ವವಾಗಿ ಉಳಿದಿಲ್ಲ. ಆದುದರಿಂದ ಅಲ್ಲಿ ನೋಡತಕ್ಕುದೇನು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಕೃತವಾಗಲಾರದೆಂದು ನಂಬಿದ್ದೇವೆ.

ಈ ದ್ವೀಪವು ವಿಸ್ತಾರದಲ್ಲಿ ದೊಡ್ಡದಲ್ಲ. ಉತ್ತರ ದಕ್ಷಿಣವಾಗಿ ಸುಮಾರು ೨೭೦ ಮೈಲಿ, ಅಗಲದಲ್ಲಿ ಸುಮಾರು ೧೪೦ ಮೈಲಿ. ಒಟ್ಟು ವಿಸ್ತೀರ್ಣವು ೨೫,೦೦೦ ಚದರ ಮೈಲಿಗಳಿಗೆ ತುಸು ಹೆಚ್ಚು. ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲು. ಇಷ್ಟರೊಳಗೆ ಎಂಟು ಸ್ಥಳಗಳು ಯುನೆಸ್ಕೋ ಸಂಸ್ಥೆಯ ಜಾಗತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿವೆ. ೧೯೮೨ರಲ್ಲಿ ಅನುರಾಧಪುರ, ಪೊಲೊನ್ನರುವ, ಸಿಗಿರಿಯ. ೧೯೮೮ರಲ್ಲಿ ಕ್ಯಾಂಡಿ ನಗರ, ಗಾಲೆಯ ಕೋಟೆ, ಸಿಂಹರಾಜ ಅರಣ್ಯ. ೧೯೯೧ರಲ್ಲಿ ದಂಬುಲ್ಲದ ಗುಹಾಲಯ. ೨೦೧೦ರಲ್ಲಿ ನಡುನಾಡಿನ ಬೆಟ್ಟಸಾಲು. ಆರು ಮನುಷ್ಯರ ಕೈಯಿಂದಾದವು, ಎರಡು ಪ್ರಕೃತಿಯ ಕೈಯಿಂದಾದವು. ಐದು ದಿನಗಳ ಪ್ರವಾಸದಲ್ಲಿ ಇವುಗಳಲ್ಲಿ ನಾಲ್ಕೈದನ್ನು ಸುತ್ತಿಸಿ ತೋರಿಸುವ ಏರ್ಪಾಡುಗಳು ಬೇಕಾದಷ್ಟುಂಟು. ಆದರೆ ನೋಡುವುದು ಬೇರೆ, ಕಾಣುವುದು ಬೇರೆ. ಈ ಸ್ಥಳಗಳು ಇಷ್ಟು ಕಾಲ ಹೇಗೆ ಉಳಿದವು, ಯಾರು ಉಳಿಸಿದರು, ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬ ಪ್ರಶ್ನೆಯನ್ನು ಜೊತೆಯಲ್ಲಿ ಕೊಂಡೊಯ್ಯದ ಯಾತ್ರಿಕನಿಗೆ ಕಾಲು ನೋವಷ್ಟೇ ಲಾಭ.

ತಂದೆಯ ಕೆರೆ, ಮಗನ ಬಂಡೆ

ದ್ವೀಪದ ಮಧ್ಯಕ್ಕೆ ತುಸು ಉತ್ತರದಲ್ಲಿ, ಸಮತಟ್ಟಾದ ಕಾಡಿನ ನಡುವಿನಿಂದ ಸುಮಾರು ೬೦೦ ಅಡಿಗಳಷ್ಟು ನೆಟ್ಟಗೆ ಎದ್ದಿರುವ ಬಂಡೆಯೇ ಸಿಗಿರಿಯ, ಎಂದರೆ ಸಿಂಹಗಿರಿ. ಮೇಲಕ್ಕೆ ೧,೨೦೦ರಷ್ಟು ಮೆಟ್ಟಿಲುಗಳುಂಟು. ಬುಡದಲ್ಲಿ ಅಳತೆಯಿಟ್ಟು ಹಂಚಿದ ಉದ್ಯಾನಗಳು, ಮಳೆಗಾಲದಲ್ಲಿ ಇಂದಿಗೂ ಚಿಮ್ಮುವ ಕಾರಂಜಿಗಳು. ಬಂಡೆಯ ಪೊಟರೆಯಲ್ಲಿ ಮೋಡದಿಂದ ಮೇಲೆದ್ದಂತೆ ಸೊಂಟದವರೆಗೆ ಬರೆದ ಸ್ತ್ರೀಯರ ವರ್ಣಚಿತ್ರಗಳು. ಅದರ ಕೆಳಗೆ ಕನ್ನಡಿಯಂತೆ ನಯಮಾಡಿದ ಗೋಡೆ. ಮೇಲೇರಿದರೆ ಇಟ್ಟಿಗೆಯಲ್ಲಿ ಕಟ್ಟಿದ ಭಾರಿ ಸಿಂಹದ ಎರಡು ಪಂಜಗಳು. ನೆತ್ತಿಯಲ್ಲಿ ಅರಮನೆಯ ಅಡಿಪಾಯಗಳು ಮತ್ತು ಬಂಡೆಯಲ್ಲಿ ತೋಡಿದ ಕೊಳ. ನೋಡಿದವರು ಬೆರಗಾಗದಿರುವುದು ಅಸಾಧ್ಯ.

ಇದನ್ನು ಕಟ್ಟಿಸಿದವನು ಕಾಶ್ಯಪನೆಂಬ ಅರಸು, ಕ್ರಿ. ಶ. ೪೭೭ರಿಂದ ೪೯೫ರ ವರೆಗೆ ಆಳಿದವನು. ಇವನ ತಂದೆ ಧಾತುಸೇನ. ಅವನು ಪರರಾಜರ ಆಳ್ವಿಕೆಯನ್ನು ತೊಲಗಿಸಿ, ನಾಡಿನಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸಿ, ಅವುಗಳಲ್ಲೆಲ್ಲ ದೊಡ್ಡದಾದ ಕಲಾವೆವ ಎಂಬುದನ್ನು ನಿರ್ಮಿಸಿದನು. ಸಿಂಹಳ ಭಾಷೆಯಲ್ಲಿ ವೆವ ಎಂದರೆ ಕೆರೆ. ಸಿಂಹಳದ ಚರಿತ್ರಗ್ರಂಥವು ಹೇಳುವ ಕಥೆಯಿದು: ಪಟ್ಟಮಹಿಷಿಯ ಮಗನಲ್ಲದ ಕಾಶ್ಯಪನು ಸೇನಾಪತಿಯೊಬ್ಬನ ಬೋಧನೆಗೆ ಕಿವಿಗೊಟ್ಟು ತಂದೆಯನ್ನು ಸೆರೆಹಿಡಿದನು, ನ್ಯಾಯವಾದ ಉತ್ತರಾಧಿಕಾರಿಯಾದ ಮೊಗ್ಗಲ್ಲಾನನು ಭಾರತಕ್ಕೆ ಓಡಿಹೋದನು. ಬಚ್ಚಿಟ್ಟ ನಿಧಿಯನ್ನು ತೋರಿಸೆಂದು ಪೀಡಿಸಿದಾಗ, ಮುದುಕ ಅರಸನು ತನ್ನನ್ನು ಕಲಾವೆವದ ದಡಕ್ಕೆ ಕರೆದೊಯ್ಯಬೇಕೆಂದು ಕೇಳಿಕೊಂಡನು. ಅಲ್ಲಿ ಕೆರೆಗಿಳಿದು ಮಿಂದು, ನೀರನ್ನು ಬೊಗಸೆಯಲ್ಲಿ ಎತ್ತಿ, ತನಗಿರುವ ಐಶ್ವರ್ಯವೆಲ್ಲ ಇದೇ ಎಂದು ತೋರಿಸಿದನು. ಅವನನ್ನು ಗೋಡೆಯೊಳಗೆ ಸೇರಿಸಿ ಕೊಂದರು.

ಮಗನು ಬಂಡೆಯ ಮೇಲೆ ಹದಿನೆಂಟು ವರ್ಷ ಬಾಳಿದನು. ಮೊಗ್ಗಲ್ಲಾನನು ದಂಡು ಕಟ್ಟಿಕೊಂಡು ಬಂದಾಗ, ಕಾಶ್ಯಪನ ಆನೆ ಜೌಗುನೆಲವನ್ನು ಕಂಡು ಪಕ್ಕಕ್ಕೆ ತಿರುಗಿತಂತೆ. ಅರಸನು ಹಿಮ್ಮೆಟ್ಟಿದನೆಂದು ತಿಳಿದ ಸೈನ್ಯವು ಚದರಿಹೋಯಿತು; ಅವನು ತನ್ನ ಕೈಯಿಂದಲೇ ಪ್ರಾಣ ನೀಗಿದನು. ರಾಜಧಾನಿಯು ಅನುರಾಧಪುರಕ್ಕೆ ಹಿಂದಿರುಗಿತು, ಬಂಡೆಯು ಭಿಕ್ಷುಗಳ ಪಾಲಾಯಿತು. ಎಂಟರಿಂದ ಹತ್ತನೆಯ ಶತಮಾನದ ಹೊತ್ತಿಗಾಗಲೇ ಸಿಗಿರಿಯವು ಕುತೂಹಲಿಗಳು ಬಂದು ನೋಡಿಹೋಗುವ ಹಾಳುಸ್ಥಳವಾಗಿದ್ದಿತು. ಹಾಗೆ ಬಂದವರು ಕನ್ನಡಿಗೋಡೆಯ ಮೇಲೆ ಗೀಚಿಹೋದ ೬೮೫ ಪದ್ಯಗಳನ್ನು ವಿದ್ವಾಂಸರಾದ ಸೆನರತ್ ಪರಣವಿತಾನರು ಓದಿ, ೧೯೫೬ರಲ್ಲಿ ಪ್ರಕಟಿಸಿದರು. ೧೯೬೭ರಲ್ಲಿ ಯಾರೋ ದುಷ್ಟರು ಚಿತ್ರಗಳ ಮೇಲೆ ಬಣ್ಣ ಎರಚಿ ಕೆಡಿಸಿದುದೂ, ಬಹು ಶ್ರಮದಿಂದ ಅವನ್ನು ಸರಿಪಡಿಸಿದುದೂ ಈ ಬಂಡೆಯ ಕಥೆಯಲ್ಲಿ ಸೇರಿವೆ.

ಕಲಾವೆವ ಕೆರೆಯಾದರೋ ಇಂದಿಗೂ ಕೆರೆಯೇ ಆಗಿರುವುದು. ನಡುವೆ ಒಡೆದು ಹಾಳಾಗಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರಳಿ ಕಟ್ಟಿದರು; ಈಚೆಗೆ ಮಹಾವೇಲಿ ನದಿಯ ನೀರನ್ನೂ ತಿರುಗಿಸಿ ಅದಕ್ಕೆ ತುಂಬಿಸುತ್ತಿರುವರು. ಅಲ್ಲಿಂದ ಅನುರಾಧಪುರಕ್ಕೆ ೫೪ ಮೈಲಿ ಹರಿಯುವ ಜಯಗಂಗೆಯೆಂಬ ಪುರಾತನ ಕಾಲುವೆಯು ಮೊದಲ ಹದಿನೇಳು ಮೈಲಿಗಳಲ್ಲಿ ಮೈಲಿಗೆ ಆರು ಅಂಗುಲ ಮಾತ್ರ ಇಳಿಯುವುದೆಂದು ಅಳೆದವರು ಹೇಳುವರು. ಅಳತೆಯ ಯಂತ್ರಗಳಿಲ್ಲದ ಕಾಲದಲ್ಲಿ ಆ ಮಟ್ಟವನ್ನು ಹಿಡಿದವರ ಕೈಚಳಕವು ಬಂಡೆಯ ಮೇಲೆ ಅರಮನೆ ಕಟ್ಟಿದವರ ಕೈಚಳಕಕ್ಕಿಂತ ಏನೂ ಕಡಿಮೆಯಾದುದಲ್ಲ. ಹತ್ತಿರದ ಅವುಕನದಲ್ಲಿ ಬಂಡೆಯನ್ನು ಕಡೆದು ನಿಲ್ಲಿಸಿದ ಸುಮಾರು ೪೦ ಅಡಿ ಎತ್ತರದ ಬುದ್ಧಮೂರ್ತಿಯೂ ಇದೆ. ಸಿಗಿರಿಯದಿಂದ ಇಲ್ಲಿಗೆ ಮೋಟಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮಗನ ಬಂಡೆಯನ್ನು ಹತ್ತುವವರ ಸಾಲು ಮುಂಜಾನೆಯಿಂದಲೇ ಬೆಳೆಯುವುದು. ತಂದೆಯ ಕೆರೆಯ ಏರಿಯ ಮೇಲೆ ನಿಲ್ಲುವ ಪರಸ್ಥಳದವರು ಬೆರಳೆಣಿಕೆಯವರು.

ಒಣನಾಡಿನ ವ್ಯವಸ್ಥೆ

ಸಿಂಹಳದ ಉತ್ತರ ಮತ್ತು ಪೂರ್ವಭಾಗಗಳು ಒಣನಾಡು. ಅಲ್ಲಿ ಮಳೆಯ ಬಹುಪಾಲು ಅಕ್ಟೋಬರಿನಿಂದ ಜನವರಿಯವರೆಗೆ, ಈಶಾನ್ಯ ಮಾರುತದಲ್ಲಿ ಬೀಳುವುದು. ಉಳಿದ ತಿಂಗಳುಗಳಲ್ಲಿ ನೆಲ ಕಾದ ಹೆಂಚು. ಅಂಥ ನಾಡಿನಲ್ಲಿ ಹದಿನೈದು ನೂರು ವರ್ಷಗಳ ಕಾಲ ರಾಜಧಾನಿಗಳು ಮೆರೆದುವೆಂದರೆ ಅದಕ್ಕೆ ಕೆರೆಗಳೇ ಕಾರಣ. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ, ಹೀಗೆ ಸರಪಳಿಯಂತೆ ಇಳಿಯುವ ಏರ್ಪಾಡಿಗೆ ಅವರು ಎಲ್ಲಂಗಾವ ಎನ್ನುವರು. ಕೆರೆಯ ಮೇಲ್ದಡದಲ್ಲಿ ಗಾಳಿಯನ್ನೂ ಬಿಸಿಲನ್ನೂ ತಡೆಯುವ ಮರಗಳ ಪಟ್ಟಿ, ಹರಿದುಬರುವ ಮಣ್ಣನ್ನು ಸೋಸುವ ಹುಲ್ಲುನೆಲ, ಏರಿಯ ಕೆಳಗೆ ಜವುಳು ಉಪ್ಪನ್ನು ಹೀರಿಕೊಳ್ಳುವ ಗಿಡಗಂಟಿಗಳ ಪಟ್ಟಿ, ಅದರಾಚೆಗೆ ಅಚ್ಚುಕಟ್ಟು. ಇವುಗಳಲ್ಲಿ ಒಂದೊಂದಕ್ಕೂ ಅವರ ಭಾಷೆಯಲ್ಲಿ ಬೇರೆ ಬೇರೆ ಹೆಸರುಂಟು. ದೊಡ್ಡ ಕೆರೆಗಳ ಏರಿಯೊಳಗೆ ತೂಬಿನ ನೀರಿನ ರಭಸವನ್ನು ಹತೋಟಿಯಲ್ಲಿಡುವುದಕ್ಕಾಗಿ ಕಡೆದ ಕಲ್ಲಿನಿಂದ ಕಟ್ಟಿದ ಚೌಕದ ಬಾವಿಯಿರುವುದು. ಅದರ ಹೆಸರು ಬಿಸೋಕೊಟುವ. ನೀರಾವರಿ ಇಲಾಖೆಯಲ್ಲಿದ್ದ ಹೆನ್ರಿ ಪಾರ್ಕರ್ ಎಂಬ ಆಂಗ್ಲ ಇಂಜಿನಿಯರು ೧೯೦೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದರ ರಚನೆಯನ್ನು ವಿವರಿಸಿ, ಕಟ್ಟಿದವರ ಬುದ್ಧಿಶಕ್ತಿಯನ್ನು ಕೊಂಡಾಡಿರುವನು. ಈ ಸರಪಳಿಗೆರೆಗಳ ಕೃಷಿಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೭ರಲ್ಲಿ ಜಗತ್ತಿನ ಕೃಷಿಪರಂಪರೆಯೆಂದು ಮನ್ನಿಸಿತು.

ಕಲ್ಲು ಮಣ್ಣಿನ ಕೆಲಸಕ್ಕಿಂತ ಹಳ್ಳಿಯವರ ಕಟ್ಟುಪಾಡು ಇನ್ನೂ ಗಮನಾರ್ಹವಾದುದು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯಿದ್ದಂತೆ ಅಲ್ಲಿ ನೀರಿನ ಉಸ್ತುವಾರಿಗೆ ವೆಲ್ ವಿದಾನೆಯೆಂಬ ಮುಖ್ಯಸ್ಥನಿದ್ದನು. ಮಳೆ ಕಡಿಮೆಯಾದ ವರ್ಷ ಬೆತ್ಮ ಎಂಬ ಪದ್ಧತಿ ಜಾರಿಗೆ ಬರುವುದು. ಆಗ ಕೆರೆಗೆ ಹತ್ತಿರದ ಗದ್ದೆಗಳನ್ನು ಮಾತ್ರ ಸಾಗುವಳಿ ಮಾಡಬೇಕು. ಆದರೆ ಆ ನೆಲವನ್ನು ಆ ವರ್ಷದ ಮಟ್ಟಿಗೆ ಎಲ್ಲ ಒಕ್ಕಲಿಗೂ ಹಂಚಬೇಕು. ತಲೆಗದ್ದೆಯವನು ಉಣ್ಣುವಾಗ ಕಾಲುವೆಯ ತುದಿಯವನು ಉಪವಾಸವಿರಬಾರದೆಂಬುದು ಇದರ ನ್ಯಾಯ.

ಈ ಕಟ್ಟುಪಾಡು ಕಡಿದರೆ ಏನಾಗುವುದೆಂಬುದಕ್ಕೆ ಸಿಂಹಳದ ಚರಿತ್ರೆಯೇ ಸಾಕ್ಷಿ. ೧೨೧೫ರಲ್ಲಿ ಕಳಿಂಗದ ಮಾಘನು ದಂಡೆತ್ತಿ ಬಂದ ತರುವಾಯ ಒಣನಾಡಿನ ರಾಜ್ಯವು ಕುಸಿಯಿತು. ಅರಸರು ತೆಂಕಣಕ್ಕೂ ಬೆಟ್ಟಗಳಿಗೂ ಸರಿದರು. ಏರಿಗಳು ಒಡೆದುವು, ಕಾಡು ಬೆಳೆಯಿತು, ಮಲೇರಿಯಾ ಜ್ವರ ನೆಲೆಸಿತು. ಉಳಿದ ಹಳ್ಳಿಗೆರೆಗಳಿಗೆ ಇನ್ನೊಂದು ಪೆಟ್ಟು ಕಚೇರಿಯಿಂದ ಬಿದ್ದಿತು. ೧೮೩೨ರಲ್ಲಿ ಬ್ರಿಟಿಷ್ ಸರಕಾರವು ರಾಜಕಾರಿಯವೆಂಬ ಕಡ್ಡಾಯ ದುಡಿಮೆಯನ್ನು ರದ್ದುಪಡಿಸಿತು. ಬಿಟ್ಟಿ ದುಡಿಮೆ ತಪ್ಪಿದುದು ಧರ್ಮವೇ. ಆದರೆ ಕೆರೆಯ ಹೂಳೆತ್ತುವ, ಏರಿಗೆ ಮಣ್ಣು ಹಾಕುವ ಕೆಲಸವೂ ಅದೇ ಕಟ್ಟಳೆಯಲ್ಲಿ ನಡೆಯುತ್ತಿದ್ದಿತು; ಅದಕ್ಕೆ ಬದಲಾಗಿ ಏನನ್ನೂ ಏರ್ಪಡಿಸಲಿಲ್ಲ. ಕೆರೆಗಳು ಹಾಳಾದುವು. ಇಪ್ಪತ್ತನಾಲ್ಕು ವರ್ಷಗಳ ಬಳಿಕ, ೧೮೫೬ರಲ್ಲಿ, ಗವರ್ನರ್ ಹೆನ್ರಿ ವಾರ್ಡನ ಕಾಲದಲ್ಲಿ ಗದ್ದೆ ನೀರಾವರಿಯ ಶಾಸನವೊಂದನ್ನು ಹೊರಡಿಸಿ, ಹಳ್ಳಿಯ ಹಳೆಯ ಪದ್ಧತಿಗಳಿಗೆ ಮತ್ತೆ ಬಲ ಕೊಡಬೇಕಾಯಿತು. ಒಂದು ಕಾಗದದ ಸಹಿಯಿಂದ ಕೆಟ್ಟುದನ್ನು ನೆಟ್ಟಗೆ ಮಾಡಲು ಎಷ್ಟು ಕಾಲ ಬೇಕೆಂಬುದನ್ನು ಅಧಿಕಾರದಲ್ಲಿರುವವರು ಇಲ್ಲಿ ಕಲಿಯಬಹುದು. ೧೯೩೦ರ ದಶಕದಿಂದ ಒಣನಾಡಿಗೆ ಜನರು ಮತ್ತೆ ನೆಲೆಸಲು ಬಂದರು. ಮಲೇರಿಯಾ ಜ್ವರವು ಸಂಪೂರ್ಣವಾಗಿ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದುದು ೨೦೧೬ರಲ್ಲಿ.

ಅನುರಾಧಪುರ ಮತ್ತು ಮಸ್ಕಿ

ಅನುರಾಧಪುರದಲ್ಲಿ ಮೊದಲು ಕಣ್ಣಿಗೆ ಬೀಳುವುವು ಸ್ತೂಪಗಳು. ಮಹಾಸೇನನು ಮೂರನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಜೇತವನಾರಾಮವು ತನ್ನ ಕಾಲದಲ್ಲಿ ಸುಮಾರು ೪೦೦ ಅಡಿ ಎತ್ತರವಿದ್ದು, ಈಜಿಪ್ಟಿನ ಎರಡು ದೊಡ್ಡ ಪಿರಮಿಡ್ಡುಗಳನ್ನು ಬಿಟ್ಟರೆ ಜಗತ್ತಿನಲ್ಲಿಯೇ ಎತ್ತರವಾದ ಕಟ್ಟಡವಾಗಿದ್ದಿತು. ಅದಕ್ಕೆ ಒಂಬತ್ತು ಕೋಟಿಗೂ ಹೆಚ್ಚು ಇಟ್ಟಿಗೆಗಳು ತಗುಲಿವೆಯೆಂದು ಲೆಕ್ಕಹಾಕಿದ್ದಾರೆ. ಆದರೂ ಊರಿನ ಪ್ರಾಣವಿರುವುದು ಇಟ್ಟಿಗೆಯಲ್ಲಲ್ಲ, ಚಿನ್ನದ ಬಣ್ಣದ ಕಟಾಂಜನದೊಳಗೆ ಊರುಗೋಲುಗಳ ಆಸರೆಯಲ್ಲಿ ನಿಂತಿರುವ ಒಂದು ಅರಳಿಯ ಮರದಲ್ಲಿ. ಅಶೋಕ ಚಕ್ರವರ್ತಿಯ ಮಗಳಾದ ಸಂಘಮಿತ್ರೆಯು ಬೋಧಗಯೆಯ ಬೋಧಿವೃಕ್ಷದ ಕೊಂಬೆಯನ್ನು ತಂದು, ಕ್ರಿ. ಪೂ. ಮೂರನೆಯ ಶತಮಾನದಲ್ಲಿ, ದೇವಾನಾಂಪಿಯ ತಿಸ್ಸನೆಂಬ ಅರಸನ ಕಾಲದಲ್ಲಿ ನೆಡಿಸಿದಳೆಂದು ಹೇಳುವರು. ಮನುಷ್ಯರು ನೆಟ್ಟು, ನೆಟ್ಟ ಕಾಲವು ತಿಳಿದಿರುವ ಮರಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಊರು ಹಾಳಾಗಿ ಕಾಡು ಮುಸುಕಿದ ಶತಮಾನಗಳಲ್ಲಿಯೂ ಈ ಮರದ ಬುಡಕ್ಕೆ ನೀರೆರೆಯುವ ಕೈಗಳು ತಪ್ಪಲಿಲ್ಲ.

ಕನ್ನಡಿಗರಿಗೆ ಇಲ್ಲೊಂದು ಸಂಬಂಧವುಂಟು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಭಾರತದ ಪುರಾತನ ಶಾಸನಗಳ ಲಿಪಿಯನ್ನು ಓದಿದಾಗ, ಅವುಗಳಲ್ಲಿ ಕಾಣುವ ದೇವಾನಾಂಪಿಯ ಪಿಯದಸಿ ಯಾರೆಂಬುದು ತಿಳಿಯದೆ ಹೋಯಿತು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನೂರನು ಅಲ್ಲಿನ ಪಾಲಿ ಚರಿತ್ರಗ್ರಂಥಗಳ ಆಧಾರದಿಂದ, ಪಿಯದಸಿಯೆಂದರೆ ಅಶೋಕನೇ ಎಂದು ತೋರಿಸಿಕೊಟ್ಟನು. ಆ ನಿರ್ಣಯಕ್ಕೆ ಕಲ್ಲಿನ ಸಾಕ್ಷ್ಯವು ದೊರೆತುದು ೧೯೧೫ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವು ಬೆಳಕಿಗೆ ಬಂದಾಗ. ಭಿಕ್ಷುಗಳು ತಾಳೆಗರಿಯ ಮೇಲೆ ಪ್ರತಿಮಾಡುತ್ತ ಕಾಪಾಡಿದ ಮಾತನ್ನು ಮಸ್ಕಿಯ ಬಂಡೆಯು ಸ್ಥಿರಪಡಿಸಿತು.

ಪೊಲೊನ್ನರುವ

ಚೋಳರು ಹತ್ತನೆಯ ಶತಮಾನದ ಕೊನೆಯಲ್ಲಿ ಅನುರಾಧಪುರವನ್ನು ಹಾಳುಮಾಡಿ, ಪೊಲೊನ್ನರುವವನ್ನು ತಮ್ಮ ಠಾಣೆಯನ್ನಾಗಿ ಮಾಡಿಕೊಂಡರು. ಅವರ ಕಾಲದ ಶಿವಾಲಯವು ಅಲ್ಲಿ ಇನ್ನೂ ನಿಂತಿರುವುದು. ಅವರನ್ನು ಹೊರದೂಡಿದ ಒಂದನೆಯ ವಿಜಯಬಾಹುವು ಕಲ್ಯಾಣದ ಕರ್ಣಾಟ ಚಕ್ರವರ್ತಿಯೊಡನೆ ಸ್ನೇಹವನ್ನು ಬಯಸಿ ಕಾಣಿಕೆಗಳೊಂದಿಗೆ ದೂತರನ್ನು ಕಳುಹಿಸಿದನೆಂದೂ, ಆ ದೂತರು ಚೋಳನಾಡನ್ನು ಹಾಯುವಾಗ ಅವರ ಕಿವಿಮೂಗುಗಳನ್ನು ಕೊಯ್ದರೆಂದೂ ಸಿಂಹಳದ ಚರಿತ್ರಗ್ರಂಥವು ಹೇಳುವುದು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ನಮ್ಮ ನಾಡಿನ ಹೆಸರು ಆ ದ್ವೀಪದ ರಾಜಕಾರ್ಯದಲ್ಲಿ ಹೀಗೆ ಸೇರಿಕೊಂಡಿರುವುದನ್ನು ಪೊಲೊನ್ನರುವದಲ್ಲಿ ನಡೆದಾಡುವ ಕನ್ನಡಿಗರು ನೆನೆಯಬಹುದು. ಬುದ್ಧನ ದಂತಧಾತುವಿನ ಆಲಯವನ್ನು ತಾವು ಕಾಯುವೆವೆಂದು ವೇಳೈಕ್ಕಾರರೆಂಬ ಸೈನಿಕರು ಬರೆಸಿದ ತಮಿಳು ಶಾಸನವೂ ಇದೇ ಊರಿನಲ್ಲಿದೆ.

ಗಲ್ ವಿಹಾರದ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿಗಳು, ಅವುಗಳಲ್ಲಿ ೪೬ ಅಡಿ ಉದ್ದದ ಪರಿನಿರ್ವಾಣಮೂರ್ತಿ, ಇವನ್ನು ನಾವು ವರ್ಣಿಸುವುದಕ್ಕಿಂತ ವಾಚಕರು ಹೋಗಿ ನೋಡುವುದೇ ಲೇಸು. ೧೧೫೩ರಿಂದ ೧೧೮೬ರ ವರೆಗೆ ಆಳಿದ ಪರಾಕ್ರಮಬಾಹುವು ಮಳೆಯ ನೀರು ಜನರ ಉಪಯೋಗಕ್ಕೆ ಬಾರದೆ ಸಮುದ್ರಕ್ಕೆ ಸೇರಬಾರದೆಂಬ ಸಂಕಲ್ಪದಿಂದ ಕಟ್ಟಿಸಿದ ಪರಾಕ್ರಮ ಸಮುದ್ರದ ಏರಿಯು ಎಂಟು ಮೈಲಿಗಳಿಗೂ ಉದ್ದವಾದುದು. ಅದೂ ಶತಮಾನಗಳ ಕಾಲ ಒಡೆದು ಬಿದ್ದಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಜೀರ್ಣೋದ್ಧಾರವಾಗಿ, ಇಂದು ಬತ್ತದ ಗದ್ದೆಗಳಿಗೆ ನೀರೂಡುತ್ತಿರುವುದು.

ಹತ್ತಿರದ ಮಿನ್ನೇರಿಯ ಕೆರೆಯು ಜೇತವನದ ಮಹಾಸೇನನೇ ಕಟ್ಟಿಸಿದುದು. ಬೇಸಗೆಯಲ್ಲಿ ನೀರು ಹಿಂಜರಿದು, ಕೆರೆಯಂಗಳದಲ್ಲಿ ಹಸಿಹುಲ್ಲು ಚಿಗುರಿದಾಗ, ಜುಲೈಯಿಂದ ಸೆಪ್ಟೆಂಬರಿನವರೆಗೆ, ಸುತ್ತಲಿನ ಕಾಡುಗಳಿಂದ ಇನ್ನೂರು ಮುನ್ನೂರು ಕಾಡಾನೆಗಳು ಅಲ್ಲಿ ನೆರೆಯುವುದುಂಟು. ಗದ್ದೆಗಾಗಿ ಕಟ್ಟಿದ ಕೆರೆಯು ಕಾಡಿಗೂ ಅನ್ನವಿಕ್ಕಿತು. ಈಚಿನ ವರ್ಷಗಳಲ್ಲಿ ಮೇಲಿನ ಅಣೆಕಟ್ಟಿನಿಂದ ಬೇಸಗೆಯಲ್ಲಿಯೂ ನೀರು ಬಿಟ್ಟು ಕೆರೆಯನ್ನು ತುಂಬಿಡುವುದರಿಂದ ಹುಲ್ಲು ಮುಳುಗಿ ಆನೆಗಳಿಗೆ ಮೇವು ತಪ್ಪುತ್ತಿರುವುದೆಂದು ಬಲ್ಲವರು ದೂರುತ್ತಿರುವರು. ಆ ದ್ವೀಪದಲ್ಲಿ ವರ್ಷಕ್ಕೆ ನೂರಾರು ಆನೆಗಳೂ, ನೂರರ ಸುಮಾರಿನಲ್ಲಿ ಮನುಷ್ಯರೂ ಪರಸ್ಪರ ಕಲಹದಲ್ಲಿ ಸಾಯುತ್ತಿರುವಾಗ ಇದು ಸಣ್ಣ ಮಾತಲ್ಲ.

ಬೆಟ್ಟದ ನಾಡು

ಒಣನಾಡಿನಿಂದ ದಕ್ಷಿಣಕ್ಕೆ ಕ್ಯಾಂಡಿಯನ್ನು ದಾಟಿ ಮೇಲೇರಿದರೆ ಲೋಕವೇ ಬೇರೆ. ೮,೨೮೧ ಅಡಿಯ ಪಿದುರುತಲಗಲ ಶಿಖರ, ಹಾರ್ಟನ್ ಬಯಲಿನ ಹುಲ್ಲುಗಾವಲು, ಅದರ ಅಂಚಿನಲ್ಲಿ ಥಟ್ಟನೆ ಬಾಯ್ದೆರೆಯುವ ಪ್ರಪಾತ, ಕಂದರಗಳ ಮೇಲೆ ಸೇತುವೆಗಳನ್ನು ದಾಟುತ್ತ ಬದುಲ್ಲಕ್ಕೆ ಹೋಗುವ ರೈಲು. ಡೆಮೊಡರದ ಬಳಿ ೧೯೨೧ರಲ್ಲಿ ಮುಗಿದ ಒಂಬತ್ತು ಕಮಾನುಗಳ ಸೇತುವೆಯ ಮೇಲೆ ನಿಂತು ಭಾವಚಿತ್ರ ತೆಗೆಸಿಕೊಳ್ಳದ ಪ್ರವಾಸಿಯಿಲ್ಲ.

ಎಲ್ಲೆಲ್ಲಿಯೂ ಹಸುರು ರತ್ನಗಂಬಳಿಯಂತೆ ಹಾಸಿರುವ ಟೀ ತೋಟಗಳ ಸೊಬಗನ್ನು ಮೆಚ್ಚುವವರು ಅದರ ಚರಿತ್ರೆಯನ್ನೂ ತಿಳಿಯಬೇಕು. ಮೊದಲು ಅಲ್ಲಿ ಬೆಳೆಯುತ್ತಿದ್ದುದು ಕಾಫಿ. ೧೮೬೯ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು, ನಮ್ಮ ಕೊಡಗು ಮಲೆನಾಡುಗಳ ಬೆಳೆಗಾರರೂ ಬಲ್ಲ ಆ ರೋಗವು, ಕಾಫಿಯನ್ನು ನುಂಗಿತು. ೧೮೬೭ರಲ್ಲಿ ಜೇಮ್ಸ್ ಟೇಲರನು ೧೯ ಎಕರೆಯಲ್ಲಿ ಹಾಕಿದ ಟೀ ಗಿಡವು ಅದರ ಸ್ಥಾನಕ್ಕೆ ಬಂದಿತು. ದುಡಿಯಲು ತಮಿಳುನಾಡಿನಿಂದ ಬಡವರನ್ನು ಕರೆತಂದರು. ೧೯೪೮ರಲ್ಲಿ ದ್ವೀಪವು ಸ್ವತಂತ್ರವಾದೊಡನೆ ಹೊರಟ ಪೌರತ್ವದ ಶಾಸನವು ಈ ತೋಟಗಾರ ಜನರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ೧೯೬೪ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡು ಇವರನ್ನು ಎರಡು ದೇಶಗಳಿಗೆ ಹಂಚಿದರು. ಉಳಿದವರಿಗೆ ಪೌರತ್ವವು ಪೂರ್ತಿಯಾಗಿ ದಕ್ಕಲು ೨೦೦೩ರ ಶಾಸನವೇ ಬರಬೇಕಾಯಿತು. ಲೈನುಮನೆಗಳ ಬಾಳೂ ದಿನಗೂಲಿಯ ವಿವಾದವೂ ಇನ್ನೂ ಮುಗಿದ ಕಥೆಯಲ್ಲ. ತೋಟದ ನೋಟವನ್ನು ಕಾಪಾಡುತ್ತಿರುವುದು ಆ ಹೆಂಗಸರ ಬೆರಳುಗಳೇ.

ತಪ್ಪಲಿನ ಸಿಂಹರಾಜ ಅರಣ್ಯವು ಸುಮಾರು ೨೨,೦೦೦ ಎಕರೆ. ಅದರ ಮರಜಾತಿಗಳಲ್ಲಿ ನೂರಕ್ಕೆ ಅರುವತ್ತಕ್ಕೂ ಹ��ಚ್ಚು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ೧೯೭೦ರ ದಶಕದಲ್ಲಿ ಪ್ಲೈವುಡ್ಡಿನ ಹಲಗೆಗಾಗಿ ಇದನ್ನು ಕಡಿಯಲು ಸರಕಾರವೇ ತೊಡಗಿದಾಗ, ಜನರ ಆಕ್ಷೇಪಣೆಯಿಂದ ಆ ಕೆಲಸವು ನಿಂತಿತು. ಕಾಡನ್ನೂ ಮನುಷ್ಯರೇ ಉಳಿಸಬೇಕಾಗಿರುವ ಕಾಲವಿದು.

ಹಲವರ ಸ್ವತ್ತು

ಇದೇ ಬೆಟ್ಟಗಳ ಅಂಚಿನಲ್ಲಿ ೭,೩೬೦ ಅಡಿ ಎತ್ತರದ ಶ್ರೀಪಾದ ಶಿಖರವಿದೆ. ನೆತ್ತಿಯ ಕಲ್ಲಿನಲ್ಲಿರುವ ಹೆಜ್ಜೆಯ ಗುರುತು ಬೌದ್ಧರಿಗೆ ಬುದ್ಧನದು, ಹಿಂದುಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ೧೩೪೪ರಲ್ಲಿ ಇಬ್ನ್ ಬತೂತನು ಇದನ್ನು ಹತ್ತಿದನು. ಡಿಸೆಂಬರಿನ ಹುಣ್ಣಿಮೆಯಿಂದ ವೈಶಾಖದ ಹುಣ್ಣಿಮೆಯವರೆಗೆ ಇರುಳೆಲ್ಲ ಸಾಲುದೀಪಗಳ ಬೆಳಕಿನಲ್ಲಿ ಎಲ್ಲ ಮತದವರೂ ಒಂದೇ ಮೆಟ್ಟಿಲುಗಳನ್ನು ಏರುವರು. ಕೊಲಂಬೊ ವಸ್ತುಸಂಗ್ರಹಾಲಯದಲ್ಲಿ ಚೀನದ ನೌಕಾಧಿಪತಿ ಝೆಂಗ್ ಹೇ ಎಂಬವನು ತಂದು ನಿಲ್ಲಿಸಿದ, ೧೪೦೯ರ ಮಿತಿಯಿರುವ ಶಿಲಾಶಾಸನವುಂಟು. ೧೯೧೧ರಲ್ಲಿ ಗಾಲೆಯಲ್ಲಿ ಸಿಕ್ಕಿದುದು. ಅದರಲ್ಲಿ ಚೀನೀ ಭಾಷೆಯಲ್ಲಿ ಬುದ್ಧನಿಗೂ, ತಮಿಳಿನಲ್ಲಿ ವಿಷ್ಣುವಿಗೂ, ಪಾರಸಿಯಲ್ಲಿ ಅಲ್ಲಾಹನಿಗೂ ಕಾಣಿಕೆ ಅರ್ಪಿಸಿದೆ.

ಹೀಗಿದ್ದ ದ್ವೀಪದಲ್ಲಿಯೇ ೧೯೮೩ರಿಂದ ೨೦೦೯ರ ವರೆಗೆ ಸಿಂಹಳ ತಮಿಳರ ನಡುವೆ ಯುದ್ಧವು ನಡೆದು, ಪೂಜ್ಯಸ್ಥಾನಗಳೇ ಗುರಿಯಾದುವು. ಯುದ್ಧಕ್ಕೆ ಮೊದಲೇ, ೧೯೮೧ರ ಮೇ ತಿಂಗಳ ಕೊನೆಯ ರಾತ್ರಿ, ಜಾಫ್ನಾದ ಸಾರ್ವಜನಿಕ ಪುಸ್ತಕಾಲಯವನ್ನು ಪೊಲೀಸರೂ ಪುಂಡರ ಗುಂಪೂ ಸೇರಿ ಸುಟ್ಟರು. ತಾಳೆಗರಿಗಳೂ ಸೇರಿದಂತೆ ೯೭,೦೦೦ದಷ್ಟು ಗ್ರಂಥಗಳು ಬೂದಿಯಾದುವು. ೧೯೮೫ರ ಮೇ ತಿಂಗಳಲ್ಲಿ ತಮಿಳು ಹುಲಿಗಳು ಅನುರಾಧಪುರಕ್ಕೆ ನುಗ್ಗಿ, ಬೋಧಿವೃಕ್ಷದ ಸನ್ನಿಧಿಯಲ್ಲಿಯೂ ಗುಂಡು ಹಾರಿಸಿ, ನೂರಕ್ಕೂ ಮಿಕ್ಕ ಜನರನ್ನು ಕೊಂದರು. ೧೯೯೮ರ ಜನವರಿ ೨೫ರಂದು ಕ್ಯಾಂಡಿಯ ದಂತಾಲಯದ ಬಾಗಿಲಲ್ಲಿ ಸಿಡಿಮದ್ದಿನ ಲಾರಿಯನ್ನು ಸ್ಫೋಟಿಸಿದರು. ಹಾಳುಬಿದ್ದ ಕಲ್ಲನ್ನು ಯಾರೂ ಸುಡಲು ಹೋಗುವುದಿಲ್ಲ. ಜನರು ಪ್ರೀತಿಸುವುದನ್ನೇ ವೈರಿಯು ಹುಡುಕಿ ಹೊಡೆಯುವನು. ಆದರೆ ಆ ಪ್ರೀತಿಯೇ ಮತ್ತೆ ಕಟ್ಟುವುದು ಸಹ. ದಂತಾಲಯವು ಕೆಲವೇ ವರ್ಷಗಳಲ್ಲಿ ಮೊದಲಿನಂತಾಯಿತು. ಆಷಾಢದ ಆನೆಗಳ ಮೆರವಣಿಗೆ ನಡೆಯುತ್ತಲೇ ಇದೆ. ಜಾಫ್ನಾದ ಪುಸ್ತಕಾಲಯದ ಬಿಳಿಯ ಕಟ್ಟಡವು ಮತ್ತೆ ಎದ್ದು, ಮಕ್ಕಳು ಅಲ್ಲಿ ಓದುತ್ತಿರುವರು. ಸುಟ್ಟುಹೋದ ತಾಳೆಗರಿಗಳು ಮಾತ್ರ ಮರಳಿ ಬರಲಿಲ್ಲ. ಉತ್ತರದ ದಾರಿ ತೆರೆದಿರುವ ಈಗ, ಪ್ರವಾಸಿಗಳು ಜಾಫ್ನಾವನ್ನು ಬಿಟ್ಟು ಬರುವುದು ಅರ್ಧ ದ್ವೀಪವನ್ನು ಮಾತ್ರ ನೋಡಿದಂತೆ.

ಗಾಲೆಯ ಕೋಟೆಯೂ ಇದನ್ನೇ ಹೇಳುವುದು. ಪೋರ್ಚುಗೀಸರು ಆರಂಭಿಸಿ, ಡಚ್ಚರು ೧೬೬೩ರಿಂದ ಬಲಪಡಿಸಿದ ಆ ಕೋಟೆಯೊಳಗೆ ಇಂದಿಗೂ ಸಂಸಾರಗಳಿವೆ, ಅಂಗಡಿಗಳಿವೆ, ಮಸೀದಿ ಇಗರ್ಜಿ ವಿಹಾರಗಳಿವೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ದ್ವೀಪದ ಮೂವತ್ತು ಸಾವಿರಕ್ಕೂ ಮಿಕ್ಕ ಜನರು ಮಡಿದು, ಗಾಲೆಯ ಹೊಸ ಪೇಟೆಯು ಕೊಚ್ಚಿಹೋದಾಗ, ಹಳೆಯ ಗೋಡೆಗಳು ಒಳಗಿನವರನ್ನು ಕಾದುವು.

ನಮ್ಮ ಮಾತು

ಇಷ್ಟರಿಂದ ತಿಳಿಯುವುದೇನೆಂದರೆ, ಕಟ್ಟಿದವನ ಹೆಮ್ಮೆಯಿಂದ ಯಾವ ಕಟ್ಟಡವೂ ಉಳಿಯುವುದಿಲ್ಲ. ಅದನ್ನು ದಿನವೂ ಬಳಸುವವರ ಅಕ್ಕರೆಯಿಂದ ಉಳಿಯುವುದು. ನಮ್ಮ ಹಿರಿಯರು ಸಪ್ತಸಂತಾನಗಳನ್ನು ಎಣಿಸುವಾಗ ಮಗನ ಜೊತೆಯಲ್ಲಿ ಕೆರೆ, ದೇಗುಲ, ಅಗ್ರಹಾರ, ವನ, ನಿಧಿ, ಕೃತಿಗಳನ್ನೂ ಸೇರಿಸಿದರು. ಧಾತುಸೇನನ ಹೊಟ್ಟೆಯ ಮಗನು ಅವನನ್ನು ಕೊಂದನು. ಅವನ ಇನ್ನೊಂದು ಸಂತಾನವಾದ ಕೆರೆಯು ಹದಿನೈದು ಶತಮಾನಗಳ ಮೇಲೆಯೂ ಅವನ ಹೆಸರಿನಲ್ಲಿ ಅನ್ನವಿಕ್ಕುತ್ತಿರುವುದು.

ಸಿಂಹಳಕ್ಕೆ ಹೋಗುವ ವಾಚಕರು ಸಿಗಿರಿಯವನ್ನು ಹತ್ತದಿರಬೇಕೆಂದು ನಾವು ಹೇಳುವುದಿಲ್ಲ, ಅವಶ್ಯವಾಗಿ ಹತ್ತಲಿ. ಆದರೆ ಅರ್ಧ ದಿನವನ್ನು ಕಲಾವೆವದ ಏರಿಗೂ, ಒಂದು ಸಂಜೆಯನ್ನು ಹಳ್ಳಿಗೆರೆಯೊಂದರ ದಡಕ್ಕೂ ಮೀಸಲಿಡಲಿ. ಅಲ್ಲಿಂದ ಹಿಂದಿರುಗಿ ಬೆಂಗಳೂರಿನ ರೈಲು ನಿಲ್ದಾಣದೆದುರು ಇಳಿದಾಗ, ತಾವು ಬಸ್ಸಿಗಾಗಿ ಕಾಯುವ ನೆಲವು ಧರ್ಮಾಂಬುಧಿ ಕೆರೆಯ ಅಂಗಳವಾಗಿದ್ದಿತೆಂಬುದನ್ನೂ, ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆಯಿದ್ದಿತೆಂಬುದನ್ನೂ ನೆನೆಯಲಿ. ನಮ್ಮ ನಾಡಿನ ಹತ್ತಾರು ಸಾವಿರ ಕೆರೆಗಳಲ್ಲಿ ಇನ್ನೂ ಬಹಳಷ್ಟು ಉಳಿದಿವೆ. ಹೂಳು ತುಂಬಿವೆ, ಅಂಚು ಒತ್ತುವರಿಯಾಗಿವೆ, ನೀರುಗಂಟಿಯು ಇಲ್ಲವಾಗಿದ್ದಾನೆ. ಹೂಳೆತ್ತುವ ಗುತ್ತಿಗೆಗೆ ಮಂಜೂರಾತಿ ಕೊಡುವ ಅಧಿಕಾರಿಗಳು, ಎತ್ತಿದ ಮೇಲೆ ಆ ಕೆರೆಯನ್ನು ಯಾರ ಕೈಗೆ ಒಪ್ಪಿಸುವೆವು, ಅವರಿಗೆ ಅದರ ನೀರಿನ ಮೇಲೆ ಏನು ಹಕ್ಕು ಕೊಡುವೆವು ಎಂಬುದನ್ನೂ ಅದೇ ಕಡತದಲ್ಲಿ ಬರೆಯಬೇಕು. ಅದನ್ನು ಬರೆಯದೆ ಬಿಟ್ಟುದರ ಫಲವನ್ನು ಸಿಂಹಳವು ೧೮೩೨ರಿಂದ ಇಪ್ಪತ್ತನಾಲ್ಕು ವರ್ಷ ಉಂಡಿತು. ನಾವು ಅದಕ್ಕಿಂತ ಹೆಚ್ಚು ಕಾಲ ಉಂಡಾಗಿದೆ.